ವಾಟರ್ ಕೂಲರ್: ತಣ್ಣೀರಿಗೂ ಮುಂಚೆ ಅರ್ಥಿಂಗ್

ಮಾರ್ಚ್ ಬಂತೆಂದರೆ ವಿಜಯಪುರದ ಕಚೇರಿಗಳಿಗೆ ಹೊಸ ವಾಟರ್ ಕೂಲರ್‌ಗಳು ಬರತೊಡಗುತ್ತವೆ. ಬೆಳಿಗ್ಗೆ ಟೆಂಪೊದಿಂದ ಇಳಿಸಿದ ಯಂತ್ರ ಮಧ್ಯಾಹ್ನದ ಊಟದ ಹೊತ್ತಿಗೆ ತಣ್ಣೀರು ಕೊಡಬೇಕೆಂಬ ಅವಸರ ಎಲ್ಲರಿಗೂ. ಆ ಅವಸರದಲ್ಲಿ ಏನೇನು ಬಿಟ್ಟುಹೋಗುತ್ತದೆ ಎಂಬುದನ್ನು ಬಹಳ ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಒಂದು ಕಚೇರಿಯಲ್ಲಿ ನೆಲ ಒರೆಸುತ್ತಿದ್ದ ಹೆಣ್ಣುಮಗಳು ಒದ್ದೆ ಕೈಯಿಂದ ಕೂಲರ್‌ನ ನಲ್ಲಿ ಮುಟ್ಟಿ ಹಿಂದಕ್ಕೆ ಬಿದ್ದಳು. ಪುಣ್ಯಕ್ಕೆ ಬದುಕಿಕೊಂಡಳು. ‘ಮುಟ್ಟಿದರೆ ಸ್ವಲ್ಪ ಜುಂ ಎನ್ನುತ್ತದೆ, ಅಷ್ಟೆ’ ಎಂದು ಅಲ್ಲಿನವರು ಒಂದು ತಿಂಗಳಿಂದ ಹೇಳಿಕೊಂಡು ಓಡಾಡುತ್ತಿದ್ದರು. ಸ್ಟೀಲ್ ಪೆಟ್ಟಿಗೆ, ಒದ್ದೆ ಕೈ, ಬರಿಗಾಲು ಮೂರೂ ಒಟ್ಟಿಗೆ ಸೇರುವ ಜಾಗ ಕಚೇರಿಯಲ್ಲಿ ಇದೊಂದೇ. ಆದ್ದರಿಂದ ಈ ಲೇಖನದಲ್ಲಿ ನಳಕ್ಕಿಂತ ತಂತಿಯ ಮಾತು ಹೆಚ್ಚು.

ಮೊದಲು ಜಾಗ. ಹಿಂಬದಿ ಗೋಡೆಯಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇರಲಿ, ಬಿಸಿಲು ನೇರವಾಗಿ ಬೀಳದಿರಲಿ. ನಮ್ಮ ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿರುತ್ತದೆ. ಗೋಡೆಗೆ ಅಂಟಿಸಿದ ಕಂಪ್ರೆಸರ್ ಉಸಿರು ಕಟ್ಟಿ ನಿಲ್ಲುತ್ತದೆ. ಶೌಚಾಲಯದ ಗೋಡೆಗೆ ಒರಗಿಸಿ ಇಡಲೇಬೇಡಿ. ನಳ, ಗಟಾರ ಎರಡೂ ಅಲ್ಲೇ ಸಿಗುತ್ತವೆಂದು ಅರ್ಧಕ್ಕರ್ಧ ಕಚೇರಿಗಳು ಮಾಡುವ ತಪ್ಪು ಇದು. ಸಾಗಿಸುವಾಗ ಯಂತ್ರವನ್ನು ಮಲಗಿಸಿದ್ದರೆ ನೇರ ನಿಲ್ಲಿಸಿ ಒಂದು ದಿನ ಬಿಡಿ. ಕಂಪ್ರೆಸರ್‌ನ ಎಣ್ಣೆ ತನ್ನ ಜಾಗಕ್ಕೆ ಇಳಿಯಬೇಕು.

ಎರಡನೆಯದು, ಯಾವ ನೀರು ಎಂಬುದನ್ನು ಗೊತ್ತುಮಾಡಿಕೊಳ್ಳುವುದು. ಕೃಷ್ಣೆಯ ನೀರು ತೊಟ್ಟಿಗೆ ಬರುತ್ತಿದ್ದರೆ ಕೆಸರು ತಡೆಯುವ ಫಿಲ್ಟರ್, ಕಾರ್ಬನ್ ಫಿಲ್ಟರ್, ರೋಗಾಣು ಕೊಲ್ಲುವ ಯುವಿ ದೀಪ ಸಾಕು. ಬೋರ್‌ವೆಲ್ ನೀರಾದರೆ ಪರೀಕ್ಷೆ ಮಾಡಿಸದೆ ಯಂತ್ರ ಕೊಳ್ಳಬೇಡಿ. ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ, ಗಡಸುತನ 200 ಮಿಲಿಗ್ರಾಂ, ಫ್ಲೋರೈಡ್ 1 ಮಿಲಿಗ್ರಾಂ: ಭಾರತೀಯ ಮಾನಕದಲ್ಲಿ ಕುಡಿಯುವ ನೀರಿಗೆ ಒಪ್ಪುವ ಮಿತಿಗಳಿವು. ಕಾರ್ಬನ್ ಫಿಲ್ಟರ್ ಫ್ಲೋರೈಡನ್ನು ತೆಗೆಯುವುದಿಲ್ಲ, ಯುವಿ ದೀಪವೂ ತೆಗೆಯುವುದಿಲ್ಲ. ಎಷ್ಟೇ ತಣ್ಣಗಾದರೂ ಫ್ಲೋರೈಡ್ ಇರುವ ನೀರು ಫ್ಲೋರೈಡ್ ಇರುವ ನೀರೇ.

ಕೊಳ್ಳುವಾಗ ಒಳಗಿನ ತೊಟ್ಟಿ ಎಸ್‌ಎಸ್ 304 ದರ್ಜೆಯ ಸ್ಟೀಲಿನದು ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಅಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲ್ ಎಂದು ಅಂಗಡಿಯಲ್ಲಿ ತೋರಿಸುತ್ತಾರೆ. ಅಗ್ಗದ 202 ಸ್ಟೀಲಿಗೂ ಅದು ಅಂಟುವುದಿಲ್ಲ. ಬೆಸುಗೆಯ ಬದಲು ಸೀಸ ಕರಗಿಸಿ ಅಂಟಿಸಿದ ತೊಟ್ಟಿಯನ್ನು ಮುಟ್ಟಲೂ ಬೇಡಿ. 40/80 ಎಂದು ಬರೆದಿದ್ದರೆ ಗಂಟೆಗೆ 40 ಲೀಟರ್ ತಣ್ಣಗೆ ಮಾಡುತ್ತದೆ, 80 ಲೀಟರ್ ಹಿಡಿಯುತ್ತದೆ ಎಂದರ್ಥ.

ನಳದ ಕೆಲಸ ಹೀಗೆ. ಮಾಳಿಗೆಯ ಮೇಲಿನ ತೊಟ್ಟಿಯಿಂದ ಕುಡಿಯುವ ನೀರಿಗೆಂದೇ ಬೇರೆ ಅರ್ಧ ಇಂಚಿನ ಕವಲು ತನ್ನಿ. ಕೈತೊಳೆಯುವ ನಲ್ಲಿಯಿಂದಲೋ ಶೌಚಾಲಯದ ಫ್ಲಶ್ ನಳದಿಂದಲೋ ಟಿ ಹಾಕಿ ಎಳೆಯುವುದು ನನಗೆ ಒಪ್ಪಿಗೆಯಿಲ್ಲ. ಕವಲಿನ ಮೇಲೆ ಮೊದಲು ನೀರು ನಿಲ್ಲಿಸುವ ಬಾಲ್ ವಾಲ್ವ್, ಆಮೇಲೆ ನೀರು ಹಿಂದಕ್ಕೆ ಹೋಗದಂತೆ ತಡೆಯುವ ಚೆಕ್ ವಾಲ್ವ್, ಅದರ ನಂತರ ಫಿಲ್ಟರ್, ಕೊನೆಗೆ ಕೂಲರ್. ಪಾಲಿಕೆಯ ನಳದಿಂದ ನೇರ ಸಂಪರ್ಕ ಪಡೆದಿದ್ದರೆ ಚೆಕ್ ವಾಲ್ವ್ ಇಲ್ಲದೆ ಕೆಲಸ ಮುಗಿಸಬೇಡಿ. ನೀರು ನಿಂತ ದಿನ ಖಾಲಿ ನಳ ಎಳೆದುಕೊಳ್ಳುತ್ತದೆ. ನಿಮ್ಮ ಕೂಲರ್‌ನ ನೀರು ಬೀದಿಯ ನಳ ಸೇರುತ್ತದೆ.

ಒತ್ತಡದ ಲೆಕ್ಕ ಸರಳ: ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್. ಎರಡಂತಸ್ತಿನ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ ಅರ್ಧ ಬಾರಿಗಿಂತ ತುಸು ಹೆಚ್ಚು ಸಿಗುತ್ತದೆ. ಒಳಗೆ ತೇಲುಗುಂಡು ಇರುವ ಕೂಲರ್‌ಗೆ ಅಷ್ಟು ಸಾಕು. ಪಂಪಿನಿಂದ ನೇರ ನೀರು ಕೊಡುವ ಕಟ್ಟಡವಾದರೆ ಒತ್ತಡ ತಗ್ಗಿಸುವ ವಾಲ್ವ್ ಬೇಕು, ಇಲ್ಲದಿದ್ದರೆ ರಾತ್ರಿ ಯಾರೂ ಇಲ್ಲದ ಹೊತ್ತಿನಲ್ಲಿ ಪೈಪು ಕಳಚಿ ಬೆಳಗಿನ ಹೊತ್ತಿಗೆ ಕಡತಗಳೆಲ್ಲ ನೆನೆದಿರುತ್ತವೆ. ಈ ಊರಿಗೆ ಇದು ಹೊಸ ವಿದ್ಯೆಯಲ್ಲ. ಬೇಗಂ ತಾಲಾಬ್ ಎಂಬ ಕೆರೆಯಿಂದ ಮಣ್ಣಿನ ಕೊಳವೆಗಳಲ್ಲಿ ನೀರು ತಂದ ಆದಿಲ್‌ಶಾಹಿಗಳ ಕಾಲದ ಕೆಲಸಗಾರರು ದಾರಿಯಲ್ಲಿ ಗಂಜ್ ಎಂಬ ಗೋಪುರಗಳನ್ನು ಕಟ್ಟಿದರು. ನೀರಿನ ಒತ್ತಡ ಅಲ್ಲಿ ಇಳಿಯುತ್ತಿತ್ತು, ಹೂಳು ತಳಕ್ಕೆ ಕೂರುತ್ತಿತ್ತು. ಕೊಳವೆ ಒಡೆಯದಂತೆ ನೋಡಿಕೊಂಡ ಆ ವಿವೇಕವೇ ಇಂದು ಅಂಗೈಯಗಲದ ಒಂದು ವಾಲ್ವ್‌ನಲ್ಲಿದೆ.

ಜೋಡಣೆಗೆ ಬಿಳಿ ಟೆಫ್ಲಾನ್ ಟೇಪ್ ಸಾಕು, ಸುತ್ತು ಪೈಪಿನ ಥ್ರೆಡ್ ತಿರುಗುವ ದಿಕ್ಕಿಗೇ ಇರಲಿ. ಸುತಲಿಗೆ ಸಫೇದಾ ಎಂಬ ಬಿಳಿ ಲೇಪ ಹಚ್ಚಿ ಬಿಗಿಯುವ ಹಳೆಯ ರೂಢಿಯನ್ನು ಕುಡಿಯುವ ನೀರಿನ ನಳಕ್ಕೆ ತರಬೇಡಿ. ಫಿಲ್ಟರ್‌ನಿಂದ ಕೂಲರ್‌ಗೆ ಹೋಗುವ ಸಣ್ಣ ಬಿಳಿ ಪೈಪನ್ನು ಗರಗಸದಿಂದಲ್ಲ, ಕಟರ್‌ನಿಂದ ನೇರವಾಗಿ ಕತ್ತರಿಸಿ; ಓರೆ ಕತ್ತರಿಸಿದರೆ ಜೋಡಣೆಯ ಒಳಗಿನ ರಬ್ಬರ್ ಉಂಗುರ ಹಿಡಿಯುವುದಿಲ್ಲ. ತಳ ಮುಟ್ಟುವವರೆಗೂ ಒತ್ತಿ, ಆಮೇಲೆ ಜಗ್ಗಿ ನೋಡಿ. ಚೆಲ್ಲಿದ ನೀರು ಹೋಗುವ ಪೈಪಿನ ತುದಿ ಗಟಾರದ ಬಾಯಿಗಿಂತ ಎರಡು ಬೆರಳು ಮೇಲೆ ನಿಲ್ಲಲಿ. ಒಳಕ್ಕೆ ತುರುಕಿದರೆ ಗಟಾರದ ವಾಸನೆ, ಹುಳ ಎರಡೂ ಮೇಲೇರಿ ಬರುತ್ತವೆ.

ಇನ್ನು ವಿದ್ಯುತ್ತು. ಇದನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರೇ ಮಾಡಬೇಕು, ಆದರೆ ಪಕ್ಕದಲ್ಲಿ ನೀವು ನಿಂತಿರಿ. ಕೂಲರ್‌ಗೆ ಪ್ರತ್ಯೇಕ ಲೈನು, 16 ಆಂಪಿಯರ್ ಸಾಕೆಟ್, ಅದರ ಮೇಲೆ ಹೊರೆ ಹೆಚ್ಚಾದರೆ ಲೈನು ಕಡಿಯುವ ಎಂಸಿಬಿ, ಕರೆಂಟು ಸೋರಿದರೆ ಲೈನು ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಸಾಕೆಟ್ ಪಕ್ಕದ ಗೋಡೆಯಲ್ಲಿ ಎದೆಯೆತ್ತರದಲ್ಲಿರಲಿ, ನಲ್ಲಿಯ ಕೆಳಗಲ್ಲ. ಎಕ್ಸ್‌ಟೆನ್ಶನ್ ಬೋರ್ಡ್ ಕೂಡದು.

ಈಗ ಆ ಸಾಕೆಟ್ಟಿನ ಮೇಲಿನ ದೊಡ್ಡ ರಂಧ್ರ. ಅದಕ್ಕೆ ಹಸಿರು ತಂತಿ ಬಂದಿರಬೇಕು, ಆ ತಂತಿ, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಗುಂಡಿಗೆ ಹೋಗಿರಬೇಕು. ಹಳೆಯ ಕಟ್ಟಡಗಳಲ್ಲಿ ತಂತಿಯೇ ಇರುವುದಿಲ್ಲ. ಆಗ ಕೆಲವರು ಮಾಡುವ ಒಂದು ಕೆಲಸವನ್ನು ಕಂಡರೆ ನನ್ನ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ: ಸಾಕೆಟ್ಟಿನ ಒಳಗೇ ಒಂದಂಗುಲದ ತಂತಿ ತುಂಡಿನಿಂದ ನ್ಯೂಟ್ರಲ್ (ಕರೆಂಟು ಮರಳಿ ಹೋಗುವ ತಂತಿ) ಮತ್ತು ಅರ್ಥ್ ಎರಡನ್ನೂ ಕೂಡಿಸುವುದು. ಟೆಸ್ಟ್ ಲ್ಯಾಂಪ್ ಹಚ್ಚಿದರೆ ಚೆನ್ನಾಗಿಯೇ ಉರಿಯುತ್ತದೆ. ಎಲ್ಲರೂ ನಂಬುತ್ತಾರೆ. ಎಲ್ಲಿಯೋ ಒಂದು ಕಡೆ ನ್ಯೂಟ್ರಲ್ ಸಡಿಲಾದ ದಿನ ಕೂಲರ್‌ನ ಮೈ ತುಂಬ 230 ವೋಲ್ಟ್ ನಿಂತಿರುತ್ತದೆ. ಆರ್‌ಸಿಸಿಬಿ ಇದೆಯಲ್ಲ ಎನ್ನಬೇಡಿ. ಪೆಟ್ಟಿಗೆಗೆ ಸೋರಿದ ಕರೆಂಟು ಆ ತುಂಡು ತಂತಿಯ ಮೂಲಕ ನ್ಯೂಟ್ರಲ್‌ಗೇ ಮರಳಿ ಹೋಗುವುದರಿಂದ, ಹೋದದ್ದು ಬಂದದ್ದು ಸರಿಸಮವಾಗಿ ಕಂಡು ಅದು ಸುಮ್ಮನೆ ಕೂತಿರುತ್ತದೆ.

ಹಾಗಾಗಿ ಮೇನ್ ಸ್ವಿಚ್ ಆಫ್ ಮಾಡಿಸಿ, ಸಾಕೆಟ್ ಬಿಚ್ಚಿಸಿ, ಕಣ್ಣಿನಿಂದ ನೋಡಿ. ಆ ತುಂಡು ತಂತಿ ಕಂಡರೆ ಕೆಲಸ ನಿಲ್ಲಿಸಿ. ಕಾಣದಿದ್ದರೆ ಎಲೆಕ್ಟ್ರಿಷಿಯನ್ನರಿಂದಲೇ ಮೇನ್ ಮತ್ತೆ ಹಾಕಿಸಿ ಮಲ್ಟಿಮೀಟರ್ ಹಿಡಿಸಿ: ಕರೆಂಟು ತರುವ ಫೇಸ್ ಮತ್ತು ಅರ್ಥ್ ನಡುವೆ 230ರ ಆಸುಪಾಸು ಬರಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್. ಮುಂದೆ ಯಂತ್ರ ಓಡತೊಡಗಿದ ಮೇಲೂ ಅಚ್ಚ ಸೊನ್ನೆಯೇ ತೋರಿಸಿದರೆ ಎಲ್ಲಿಯೋ ಕೂಡಿಸಿರಬಹುದೆಂದು ಅನುಮಾನಿಸಿ ಹುಡುಕಿ. ಮೀಟರ್ ಒಂದನ್ನೇ ನಂಬಬೇಡಿ, ದುರ್ಬಲ ಅರ್ಥಿಂಗ್‌ನಲ್ಲೂ ಅದು 230 ತೋರಿಸುತ್ತದೆ. 100 ವಾಟ್ ಬಲ್ಬನ್ನು ಫೇಸ್‌ಗೂ ಅರ್ಥ್‌ಗೂ ಹಚ್ಚಿಸಿದೊಡನೆ ಆರ್‌ಸಿಸಿಬಿ ಟಕ್ಕೆಂದು ಬೀಳಬೇಕು. ಬೀಳದೆ ಬಲ್ಬ್ ಉರಿಯುತ್ತಲೇ ಇದ್ದರೆ ಒಂದೋ ಆರ್‌ಸಿಸಿಬಿ ಸತ್ತಿದೆ, ಇಲ್ಲವೇ ಅರ್ಥ್ ಹೆಸರಿನಲ್ಲಿ ನ್ಯೂಟ್ರಲ್ ಬಂದಿದೆ. ಬೀಳದೆಯೂ ಉರಿಯದೆಯೂ ಇದ್ದರೆ ಅರ್ಥ್ ತಂತಿಯೇ ಎಲ್ಲಿಯೂ ಮುಟ್ಟಿಲ್ಲ.

ಅರ್ಥಿಂಗ್ ಗುಂಡಿಯದೂ ಒಂದು ಕಥೆ. ನಮ್ಮದು ಎರೆ ಮಣ್ಣು. ಮಳೆಗಾಲದಲ್ಲಿ ಇದಕ್ಕಿಂತ ಒಳ್ಳೆಯ ಭೂಸಂಪರ್ಕ ಬೇರೆಲ್ಲೂ ಸಿಗದು; ಬೇಸಿಗೆಯಲ್ಲಿ ಇದೇ ಮಣ್ಣು ಕೈ ಇಳಿಯುವಷ್ಟು ಬಿರುಕು ಬಿಟ್ಟು ಗುಂಡಿಯಲ್ಲಿನ ಅರ್ಥಿಂಗ್ ಪೈಪಿನಿಂದ ದೂರ ಸರಿಯುತ್ತದೆ. ಕೂಲರ್ ಅತಿ ಹೆಚ್ಚು ಓಡುವುದು ಅದೇ ಕಾಲದಲ್ಲಿ. ಗುಂಡಿಗೆ ಮುಚ್ಚಳ, ನೀರು ಹಾಕಲು ಕೊಳವೆ ಬಾಯಿ ಇಡಿಸಿ, ಫೆಬ್ರುವರಿಯಿಂದ ಮಳೆ ಬರುವವರೆಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿಸಿ. ಅರ್ಥ್ ಟೆಸ್ಟರ್‌ನಿಂದ ಅಳೆಸುವುದಾದರೆ ಮಳೆಗಾಲದಲ್ಲಲ್ಲ, ಏಪ್ರಿಲ್‌ನಲ್ಲಿ ಅಳೆಸಿ. ನಾನು 5 ಓಮ್‌ಗಿಂತ ಹೆಚ್ಚು ಬಂದರೆ ಇನ್ನೊಂದು ಗುಂಡಿ ತೋಡಿಸುತ್ತೇನೆ.

ಇಷ್ಟಾದ ಮೇಲೆ ನೀರು ಬಿಡಿ, ಕರೆಂಟು ಹಾಕದೆ. ಎಲ್ಲ ಜೋಡಣೆಗಳಿಗೂ ಒಣ ಕಾಗದ ಒತ್ತಿ ನೋಡಿ; ಕಣ್ಣಿಗೆ ಕಾಣದ ಹನಿ ಕಾಗದದ ಮೇಲೆ ಕಾಣುತ್ತದೆ. ಮೊದಲ ತೊಟ್ಟಿ ನೀರನ್ನು ಚೆಲ್ಲಿ. ಎರಡನೆಯದನ್ನು ತುಂಬಿ, 80 ಲೀಟರಿಗೆ ಶೇ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ 80 ಮಿಲಿಲೀಟರ್ ಬೆರೆಸಿ, ನಲ್ಲಿಗಳಿಂದಲೂ ಸ್ವಲ್ಪ ಹರಿಸಿ, ಒಂದು ಗಂಟೆ ಬಿಟ್ಟು ಪೂರ್ತಿ ಖಾಲಿ ಮಾಡಿ. ಆ ಹೊತ್ತು ಯಾರೂ ಕುಡಿಯದಂತೆ ನಲ್ಲಿಗೆ ಬಟ್ಟೆ ಕಟ್ಟಿಡಿ. ಕ್ಲೋರಿನ್ ವಾಸನೆ ಹೋಗುವವರೆಗೂ ತೊಳೆದು, ತೊಟ್ಟಿ ತುಂಬಿದ ಮೇಲೆಯೇ ಸ್ವಿಚ್ ಒತ್ತಿ.

ಕೊನೆಗೆ ಕೂಲರ್‌ನ ಪಕ್ಕಕ್ಕೆ ಒಂದು ಕಾಗದ ಅಂಟಿಸಿ: ತೊಟ್ಟಿ ತೊಳೆದ ದಿನ, ಫಿಲ್ಟರ್ ಬದಲಿಸಿದ ದಿನ, ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿದ ದಿನ. ಆ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತುವ ಕೆಲಸವನ್ನು ಕಚೇರಿಯಲ್ಲಿ ಒಬ್ಬರ ಹೆಸರಿಗೆ ಬರೆಯಿರಿ, ‘ಎಲ್ಲರೂ ನೋಡಿಕೊಳ್ಳಿ’ ಎಂದು ಬರೆಯಬೇಡಿ. ಮುಟ್ಟಿದಾಗ ಜುಂ ಎಂದಿತು ಎಂದು ಯಾರೇ ಹೇಳಲಿ, ಜವಾನನೇ ಹೇಳಲಿ, ಭೇಟಿಗೆ ಬಂದವರೇ ಹೇಳಲಿ, ಮೊದಲು ಎಂಸಿಬಿ ಇಳಿಸಿ, ಆಮೇಲೆ ಎಲೆಕ್ಟ್ರಿಷಿಯನ್ನರಿಗೆ ಫೋನ್ ಮಾಡಿ. ಅವರು ಬರುವವರೆಗೆ ಮೂಲೆಯಲ್ಲೊಂದು ಮಣ್ಣಿನ ಗಡಿಗೆ ಇಟ್ಟು, ಒದ್ದೆ ಬಟ್ಟೆ ಸುತ್ತಿ ನೀರು ತುಂಬಿಸಿ.