ಪ್ಲಾಸ್ಟಿಕ್ ಚೀಲದಿಂದ ಒಂದು ಹಾಳೆಗೆ

ಮಗಳಿಗೆ ಫಿಟ್ಸ್ ಇದೆ, ನುಂಗಲೂ ಕಷ್ಟ. ನಾವಿರುವುದು ಕುಂಬಳೆ ಹತ್ತಿರ. ಆಸ್ಪತ್ರೆಯ ಚೀಟಿಗಳಲ್ಲಿ ಕೆಲವು ಕಾಸರಗೋಡಿನವು, ಕೆಲವು ಮಂಗಳೂರಿನವು. ಎಲ್ಲವೂ ಜವಳಿ ಅಂಗಡಿಯ ಒಂದು ಚೀಲದಲ್ಲಿ.

ಒಂದು ರಾತ್ರಿ ತುರ್ತು ವಿಭಾಗದಲ್ಲಿ ಡಾಕ್ಟರ್ ಅವಳ ಫಿಟ್ಸ್ ಔಷಧಿಯ ಬಗ್ಗೆ "ವಾಲ್ಪ್ರೊಯೇಟ್ ಎಷ್ಟು ಕೊಡ್ತೀರಿ?" ಎಂದರು. "ಎರಡೂವರೆ ಎಂಎಲ್" ಎಂದೆ. "ಯಾವ ಸಿರಪ್? ಎಷ್ಟು ಮಿಲಿಗ್ರಾಂ?" ನಾನು ಚೀಲವನ್ನು ಬೆಂಚಿನ ಮೇಲೆ ಸುರುವಿದೆ.

ಮರುವಾರ ಫೈಲ್ ತಂದೆ. ಮೊದಲು ತಾರೀಖಿನ ಪ್ರಕಾರ ಜೋಡಿಸಿದೆ, ಸುಮ್ನೆ ಕೆಲಸ. ಅಷ್ಟು ಪುಟ ತಿರುವಲು ತುರ್ತು ವಿಭಾಗದಲ್ಲಿ ಯಾರಿಗೆ ಪುರುಸೊತ್ತು ಅಲ್ವಾ? ಕೆಲಸಕ್ಕೆ ಬಂದದ್ದು ಎದುರಿಗೆ ಸಿಕ್ಕಿಸಿದ ಒಂದೇ ಹಾಳೆ: ಕಾಯಿಲೆ, ತೂಕ, ಅಲರ್ಜಿ, ಫಿಟ್ಸ್ 5 ನಿಮಿಷ ದಾಟಿದರೆ ಏನು ಮಾಡಬೇಕೆಂದು ನಮ್ಮ ಡಾಕ್ಟರ್ ಹೇಳಿದ್ದು. ಔಷಧಿ ಹೀಗೆ: "ವಾಲ್ಪ್ರೊಯೇಟ್ ಸಿರಪ್, 5 ಮಿ.ಲೀ.ನಲ್ಲಿ 200 ಮಿ.ಗ್ರಾಂ. ಕೊಡುವುದು 2.5 ಮಿ.ಲೀ., ಅಂದರೆ 100 ಮಿ.ಗ್ರಾಂ., ಬೆಳಿಗ್ಗೆ, ರಾತ್ರಿ." ಡಾಕ್ಟರಿಗೆ ತೋರಿಸಿ ಸರಿ ಮಾಡಿಸಿಕೊಂಡೆ.

ಹಾಳೆಯನ್ನು ಇಂಗ್ಲಿಷಿನಲ್ಲೇ ಬರೆದೆ. ಕನ್ನಡದಲ್ಲಿ ಬರೆದರೆ ಕಾಸರಗೋಡಿನಲ್ಲಿ ಎಲ್ಲರಿಗೂ ಓದಲಾಗದು. ಮನೆಯ ಫ್ರಿಜ್ ಮೇಲಿನ ಪ್ರತಿ ಮಾತ್ರ ಕನ್ನಡದ್ದು, ಅತ್ತೆಗೆ.

ಹಳೆಯ ಕೆಲವು ರಿಪೋರ್ಟ್ ಅಕ್ಷರ ಮಾಸಿ ಬಿಳಿಯಾಗಿದ್ದವು, ಬಿಸಿಯಿಂದ ಅಚ್ಚಾಗುವ ಥರ್ಮಲ್ ಕಾಗದ. ಈಗ ಸಿಕ್ಕ ದಿನವೇ ಜೆರಾಕ್ಸ್. ತೂಕ ಬದಲಾದಾಗ ಹಾಳೆಯೂ ಬದಲಾಗುತ್ತದೆ, ಮೇಲೆ ತಾರೀಖು ಹಾಕಿ ಹಳೆಯದನ್ನು ಹರಿದು ಬಿಸಾಡುತ್ತೇನೆ.