ದ್ರಾಕ್ಷಿಯ ಬಿಳಿ ಪುಡಿ ಒರೆಸಬೇಡಿ: ಬೆಳೆದದ್ದನ್ನು ಇದ್ದಂತೆ ತೋರಿಸುವ ಚಿತ್ರ ತೆಗೆಯುವುದು ಹೇಗೆ?

ಶ್ರೀನಿವಾಸಪುರದ ಮಾವಿನ ಹಣ್ಣು ಬೆಂಗಳೂರಿನ ಅಪಾರ್ಟ್‌ಮೆಂಟ್ ಸೇರುವ ಮೊದಲೇ ಅದರ ಚಿತ್ರ ಅಲ್ಲಿನ ವಾಟ್ಸ್‌ಆ್ಯಪ್ ಗುಂಪು ಸೇರಿರುತ್ತದೆ. ಸಂತೆಯಲ್ಲಾದರೆ ಕೊಳ್ಳುವವರು ಹಣ್ಣನ್ನು ಕೈಗೆತ್ತಿಕೊಳ್ಳುತ್ತಾರೆ, ತೊಟ್ಟಿನ ಬಳಿ ಮೂಸುತ್ತಾರೆ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುತ್ತಾರೆ. ಮೊಬೈಲಿನಲ್ಲಿ ಇದಾವುದೂ ಆಗದು. ಕೈ, ಮೂಗಿನ ಕೆಲಸವನ್ನೂ ಕಣ್ಣೇ ಮಾಡಬೇಕು. ಆದ್ದರಿಂದ ಚಿತ್ರ ಚೆಂದವಾಗಿದ್ದರಷ್ಟೇ ಸಾಲದು. ಸಿಪ್ಪೆ ಎಷ್ಟು ಬಿಗಿಯಾಗಿದೆ, ತೊಟ್ಟು ಹಸಿಯಾಗಿದೆಯೋ ಒಣಗಿದೆಯೋ, ಬಣ್ಣ ನಿಜಕ್ಕೂ ಎಂಥದ್ದು ಎಂಬುದು ಅದರಲ್ಲಿ ಕಾಣಬೇಕು. ಅದಕ್ಕೆ ದುಬಾರಿ ಕ್ಯಾಮೆರಾ ಬೇಕಿಲ್ಲ. ಒಂದು ಕಿಟಕಿ, ಬಿಳಿ ಪಂಚೆ, ಒಂದು ತುಂಡು ಥರ್ಮಾಕೋಲ್ ಮತ್ತು ಕೈಯಲ್ಲಿರುವ ಮೊಬೈಲ್ ಸಾಕು.

ಆರಿಸುವುದು, ಮುಟ್ಟುವುದು

ಬೆಳಿಗ್ಗೆ ಕೊಯ್ದದ್ದನ್ನು ಬೆಳಿಗ್ಗೆಯೇ ಚಿತ್ರ ತೆಗೆಯಿರಿ. ಟೊಮೆಟೊ ಮೈ ಎರಡು ದಿನವಾದರೂ ಹೊಳೆಯುತ್ತಿರುತ್ತದೆ, ಆದರೆ ತೊಟ್ಟಿನ ಸುತ್ತಲಿನ ಹಸಿರು ಎಸಳುಗಳು ಅಷ್ಟರಲ್ಲಿ ಸುರುಟಿಕೊಂಡಿರುತ್ತವೆ. ತರಕಾರಿ ಬಲ್ಲವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಮಾವನ್ನು ತುಸು ತೊಟ್ಟು ಉಳಿಸಿ ಕೊಯ್ದರೆ ಸೊನೆ ಸಿಪ್ಪೆಯ ಮೇಲೆ ಹರಿದು ಕಪ್ಪು ಕಲೆಯಾಗುವುದಿಲ್ಲ. ಚಿತ್ರಕ್ಕೂ ಒಳ್ಳೆಯದು, ಹಣ್ಣಿಗೂ ಒಳ್ಳೆಯದು.

ದ್ರಾಕ್ಷಿಯ ವಿಷಯವನ್ನು ಬಿಡಿಸಿ ಹೇಳಬೇಕು. ಚಿಕ್ಕಬಳ್ಳಾಪುರದ ಕಡೆಯ ದಿಲ್‌ಖುಷ್ ಇರಲಿ, ಭೌಗೋಳಿಕ ಸೂಚಿಕೆ ಪಡೆದಿರುವ ‘ಬೆಂಗಳೂರು ನೀಲಿ’ ಇರಲಿ, ಹಣ್ಣಿನ ಮೇಲೆ ತೆಳುವಾದ ಬಿಳಿ ಪುಡಿ ಇರುತ್ತದೆ. ಔಷಧಿಯ ಉಳಿಕೆಯೆಂದೋ ಬೂದಿ ರೋಗವೆಂದೋ ತಿಳಿದು ಅನೇಕರು ಅದನ್ನು ಬಟ್ಟೆಯಲ್ಲಿ ಉಜ್ಜಿ, ಹಣ್ಣನ್ನು ಮಿರಿಮಿರಿ ಮಿಂಚುವಂತೆ ಮಾಡಿ ಚಿತ್ರ ತೆಗೆಯುತ್ತಾರೆ. ಅದು ಹಣ್ಣು ತಾನೇ ಮೈಮೇಲೆ ತಂದುಕೊಂಡ ಮೇಣ. ಒಳಗಿನ ನೀರು ಆರಿಹೋಗದಂತೆ ಕಾಯುವುದು ಅದೇ. ಬೆರಳು ತಾಗಿದ ಕಡೆ ಪುಡಿ ಅಳಿದು ಕಪ್ಪು ಗುರುತು ಉಳಿಯುತ್ತದೆ, ಕೊಯ್ದ ಹಣ್ಣಿನಲ್ಲಿ ಅದು ಮತ್ತೆ ಕೂಡಿಕೊಳ್ಳುವುದಿಲ್ಲ. ಪುಡಿ ಅಳಿಯದ ಗೊಂಚಲು ಎಂದರೆ ಹೆಚ್ಚು ಕೈ ಬದಲಾಗದ ಗೊಂಚಲು. ತಾಜಾತನಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಆದ್ದರಿಂದ ಗೊಂಚಲನ್ನು ಕತ್ತರಿಯಿಂದ ಬಿಡಿಸಿ, ತೊಟ್ಟಿನಲ್ಲೇ ಹಿಡಿದು ತನ್ನಿ. ತೊಳೆಯಬೇಡಿ. ಸಿಂಪಡಿಸಿದ ದ್ರಾವಣ ಒಣಗಿದ ಕಲೆಗೆ ಹನಿಯ ಅಂಚು ಇರುತ್ತದೆ. ಮೇಣದ ಪುಡಿಗೆ ಅಂಥ ಅಂಚಿಲ್ಲ, ಹಣ್ಣಿನ ಮೈತುಂಬ ಒಂದೇ ಸಮನಾಗಿ ಹರಡಿರುತ್ತದೆ. ಕಲೆಯಿರುವ ಗೊಂಚಲನ್ನು ಪಕ್ಕಕ್ಕಿಟ್ಟು ಬೇರೆಯದನ್ನು ಆರಿಸಿ.

ಅವರೆಕಾಯಿಗೂ ಇದೇ ಮಾತು. ಚಳಿಗಾಲದ ಸೊಗಡಿನ ಅವರೆಯ ಸಿಪ್ಪೆ ಮುಟ್ಟಿದರೆ ಕೈಗೆ ಎಣ್ಣೆ ಜಿಡ್ಡು ಹತ್ತುತ್ತದೆ. ಆ ಜಿಡ್ಡಿನ ಹೊಳಪು ಚಿತ್ರದಲ್ಲಿ ಕಂಡರೆ ನಮ್ಮ ಕಡೆಯವರಿಗೆ ವಾಸನೆಯೂ ಬಂದಂತೆಯೇ. ಕಾಯಿಯನ್ನು ನೀರಿಗೆ ಹಾಕಿದರೆ ಹೊಳಪೂ ಹೋಯಿತು, ಸೊಗಡೂ ಹೋಯಿತು.

ಬೆಳಕು ಪಕ್ಕದಿಂದ ಬರಲಿ

ಕಿಟಕಿ ಅಥವಾ ಬಾಗಿಲಿನ ಪಕ್ಕ, ನೇರ ಬಿಸಿಲು ಬೀಳದ ಕಡೆ, ಮಣೆಯನ್ನೋ ಮೊರವನ್ನೋ ಇಡಿ. ಉತ್ತರದ ಕಿಟಕಿ ಇದ್ದರೆ ಇನ್ನೂ ಒಳ್ಳೆಯದು, ಅಲ್ಲಿ ಹೆಚ್ಚು ಹೊತ್ತು ಬೆಳಕು ಏರುಪೇರಾಗದು. ಕೋಣೆಯ ಟ್ಯೂಬ್‌ಲೈಟ್ ಆರಿಸಿ. ಹೊರಗಿನ ಬೆಳಕು, ಒಳಗಿನ ಬೆಳಕು ಬೆರೆತರೆ ಹಣ್ಣಿನ ಒಂದು ಮಗ್ಗುಲಿಗೆ ಒಂದು ಬಣ್ಣ, ಇನ್ನೊಂದಕ್ಕೆ ಇನ್ನೊಂದು. ಮೊಬೈಲಿನ ಫ್ಲ್ಯಾಷ್ ಬೇಡವೇ ಬೇಡ. ಎದುರಿನಿಂದ ಬಿದ್ದ ಬೆಳಕು ನೆರಳನ್ನು ಅಳಿಸುತ್ತದೆ. ನೆರಳಿಲ್ಲದಿದ್ದರೆ ಹಾಗಲಕಾಯಿಯ ಮುಳ್ಳೂ ಇಲ್ಲ, ದ್ರಾಕ್ಷಿಯ ಪುಡಿಯೂ ಇಲ್ಲ. ಸಿಪ್ಪೆಯ ಉಬ್ಬುತಗ್ಗು ಕಾಣಬೇಕಾದರೆ ಬೆಳಕು ಅದನ್ನು ಪಕ್ಕದಿಂದ ಸವರಿಕೊಂಡು ಹೋಗಬೇಕು.

ಈಗ ಒಂದು ಗುಂಡು ಬದನೆಕಾಯಿ ತೆಗೆದುಕೊಳ್ಳಿ. ಅದರ ಮೇಲೆ ಕಾಣುವ ಬಿಳಿ ಹೊಳಪು ಬೆಳಕಿನ ಮೂಲದ ಪ್ರತಿಬಿಂಬ. ಬಿಸಿಲಿನಲ್ಲಿ ಹಿಡಿದರೆ ಒಂದು ಸಣ್ಣ, ಕಣ್ಣು ಕುಕ್ಕುವ ಚುಕ್ಕೆ. ಕಿಟಕಿಯ ಬಳಿ ತಂದರೆ ಕಿಟಕಿಯ ಸರಳುಗಳೂ ಅದರಲ್ಲಿ ಮೂಡುತ್ತವೆ. ಕಿಟಕಿಗೆ ಬಿಳಿ ಪಂಚೆ ಇಳಿಬಿಟ್ಟರೆ ಹೊಳಪು ಅಗಲವಾಗಿ, ಮೆದುವಾಗಿ ಹರಡಿ ಕಾಯಿಯ ದುಂಡು ಆಕಾರ ಎದ್ದು ಕಾಣುತ್ತದೆ. ಬೆಳಕು ಬರುವ ಜಾಗ ದೊಡ್ಡದಾದಷ್ಟೂ, ಹತ್ತಿರವಾದಷ್ಟೂ ನೆರಳು ಹಗುರ. ಕಿಟಕಿಗೆ ಎದುರಿನ ಮಗ್ಗುಲು ತೀರಾ ಕತ್ತಲಾಗಿದ್ದರೆ ಅಲ್ಲಿ ಥರ್ಮಾಕೋಲ್ ನಿಲ್ಲಿಸಿ, ಹತ್ತಿರ ದೂರ ಸರಿಸುತ್ತಾ ನೋಡಿ. ಪೂರ್ತಿ ಬೆಳಗಿಸಬೇಡಿ, ಸ್ವಲ್ಪ ನೆರಳು ಇರಲಿ.

ಹೊಲದಲ್ಲೇ ತೆಗೆಯುವುದಾದರೆ ಸೂರ್ಯ ಏರುವ ಮೊದಲು ಅಥವಾ ಮೋಡದ ದಿನ ಅನುಕೂಲ. ದೊಣ್ಣೆ ಮೆಣಸಿನಕಾಯಿ ಬೆಳೆಯುವ ಪಾಲಿಹೌಸ್‌ನ ಹಾಲುಬಣ್ಣದ ಹಾಳೆ ಬಿಸಿಲನ್ನು ಸೋಸಿ ಕೊಡುತ್ತದೆ, ಅಲ್ಲಿ ನಡುಮಧ್ಯಾಹ್ನವೂ ಚಿತ್ರ ತೆಗೆಯಬಹುದು. ಹಸಿರು ನೆರಳುಪರದೆಯ ಕೆಳಗೆ ಮಾತ್ರ ಬೇಡ. ಸಂತೆಯ ನೀಲಿ ಟಾರ್ಪಾಲಿನ್ ಕೆಳಗಂತೂ ಎಂಥ ಕೆಂಪು ಟೊಮೆಟೊ ಕೂಡ ಕಂದಿದಂತೆ ಕಾಣುತ್ತದೆ. ಬುಟ್ಟಿಯನ್ನು ನಾಲ್ಕು ಹೆಜ್ಜೆ ಆಚೆಗೆ, ಗೋಡೆಯ ನೆರಳಿಗೆ ಸರಿಸಿದರೆ ಆ ತೊಂದರೆ ಇಲ್ಲ.

ಮೊಬೈಲಿಗೆ ಹೇಳಿಕೊಡಬೇಕಾದದ್ದು

ಕ್ಯಾಮೆರಾ ಎದುರಿಗಿರುವ ಎಲ್ಲವನ್ನೂ ನಡುವಣ ಬೂದುಬಣ್ಣದ ಮಟ್ಟಕ್ಕೆ ತರಲು ನೋಡುತ್ತದೆ. ಹೀಗಾಗಿ ಹೂಕೋಸು, ಒಡೆದ ತೆಂಗಿನಕಾಯಿ ಮಂಕಾಗುತ್ತವೆ, ಕಪ್ಪು ನೇರಳೆ ಹಣ್ಣು ಬೆಳ್ಳಗಾಗಿ ಪೇಲವವಾಗುತ್ತದೆ. ಪರದೆಯ ಮೇಲೆ ಹಣ್ಣಿನ ಮೇಲೆಯೇ ಬೆರಳು ಒತ್ತಿ ಹಿಡಿಯಿರಿ, ಫೋಕಸ್ ಅಲ್ಲಿ ನಿಲ್ಲುತ್ತದೆ. ಜೊತೆಗೆ ಮೂಡುವ ಬೆಳಕಿನ ಪಟ್ಟಿಯನ್ನು ಬಿಳಿ ವಸ್ತುವಿಗೆ ತುಸು ಏರಿಸಿ, ಕಪ್ಪು ವಸ್ತುವಿಗೆ ತುಸು ಇಳಿಸಿ. ಟೊಮೆಟೊಗೂ ಇಳಿಸಬೇಕು. ಕೆಂಪು ಬಣ್ಣ ಬೇಗ ಮಿತಿಮೀರಿ ತುಂಬಿಕೊಳ್ಳುವುದರಿಂದ ಸಿಪ್ಪೆಯ ವಿವರವೆಲ್ಲ ಅಳಿಸಿ ಬರೀ ಕೆಂಪು ಮುದ್ದೆ ಉಳಿಯುತ್ತದೆ.

ಹಣ್ಣಿನ ಮೂಗಿಗೆ ಮೊಬೈಲ್ ತಾಗಿಸುವಷ್ಟು ಹತ್ತಿರ ಹೋದರೆ ಮುಂದಿನ ಭಾಗ ಉಬ್ಬಿ, ಹಿಂದಿನ ಭಾಗ ಕುಗ್ಗುತ್ತದೆ. ಕೊಕ್ಕಿನ ತೋತಾಪುರಿಯಂಥ ಮಾವಿಗೆ ಆಕಾರವೇ ಗುರುತಾಗಿರುವುದರಿಂದ ಇದು ದೊಡ್ಡ ನಷ್ಟ. ಎರಡು ಹೆಜ್ಜೆ ಹಿಂದೆ ಸರಿದು ಎರಡು ಪಟ್ಟಿನ ಲೆನ್ಸ್ ಬಳಸಿ. ಮೊರದಲ್ಲಿ ಹರಡಿದ ನೆಲ್ಲಿಕಾಯಿ, ಅವರೆಕಾಳು, ಸೊಪ್ಪನ್ನು ನೇರ ಮೇಲಿನಿಂದ ತೆಗೆಯಿರಿ. ಕುಂಬಳಕಾಯಿ, ಹಲಸಿನಂಥ ದಪ್ಪ ಕಾಯಿಗಳನ್ನು ಅವುಗಳ ಮಟ್ಟಕ್ಕೇ ಕುಳಿತು ತೆಗೆಯಿರಿ. ಹಿನ್ನೆಲೆಗೆ ಗೋಣಿತಟ್ಟು, ಹಳೆಯ ಮರದ ಹಲಗೆ ಸಾಕು. ಹೂವಿನ ಚಿತ್ತಾರದ ಮೇಜುಬಟ್ಟೆ ಬೇಡ.

ಕೊಯ್ದು ತೋರಿಸುವಾಗ

ಜಾಗ, ಬೆಳಕು, ಮೊಬೈಲ್ ಎಲ್ಲ ಸಿದ್ಧವಾದ ಮೇಲೆ ಕೊನೆಗೆ ಚಾಕು. ಸೇಬು, ಬದನೆ, ಬಾಳೆಹಣ್ಣಿನ ಕೊಯ್ದ ಮೈ ಗಾಳಿ ತಾಗಿದೊಡನೆ ಕಂದುಬಣ್ಣಕ್ಕೆ ತಿರುಗಲು ಆರಂಭಿಸುತ್ತದೆ. ನಿಂಬೆರಸ ಸವರಿದರೆ ಒಂದಿಷ್ಟು ಸಮಯ ಸಿಗುತ್ತದೆ. ಹಲಸು ಬಿಡಿಸುವವರು ಕೈಗೂ ಚಾಕುವಿಗೂ ಎಣ್ಣೆ ಹಚ್ಚಿಕೊಳ್ಳಿ, ಇಲ್ಲದಿದ್ದರೆ ಅಂಟು ಮೊಬೈಲಿಗೂ ಹತ್ತುತ್ತದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ‘ಸಿದ್ದು’ ಹಲಸು ಹೆಸರುವಾಸಿಯಾಗಿರುವುದೇ ತೊಳೆಯ ತಾಮ್ರಗೆಂಪು ಬಣ್ಣದಿಂದ. ಅಂಥ ತೊಳೆಯನ್ನು ಬಿಡಿಸಿ ಕಿಟಕಿಗೆ ಅಡ್ಡ ಹಿಡಿಯಿರಿ. ಹಿಂದಿನಿಂದ ಬೆಳಕು ತೂರಿ ಬಂದಾಗ ಬಣ್ಣದ ಜೊತೆಗೆ ನಾರಿನ ಗೆರೆಗಳೂ ಕಾಣುತ್ತವೆ. ನಿಂಬೆ, ಕಿತ್ತಳೆಯ ತೆಳು ಹೋಳಿಗೂ ಇದೇ ಕ್ರಮ.

ನೀರಿನ ಹನಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಗ್ಲಿಸರಿನ್ ಬೆರೆಸಿದ ನೀರು ಸಿಂಪಡಿಸಿದರೆ ಹನಿ ಬಹಳ ಹೊತ್ತು ನಿಲ್ಲುತ್ತದೆ, ಜಾಹೀರಾತಿನವರು ಹಾಗೆಯೇ ಮಾಡುತ್ತಾರೆ. ತಿನ್ನಲು ಮಾರುವ ಹಣ್ಣಿಗೆ ಅದನ್ನು ಹಾಕುವುದಕ್ಕೆ ನನ್ನ ಪೂರ್ತಿ ವಿರೋಧವಿದೆ. ಸೊಪ್ಪಿಗೆ ತಣ್ಣೀರು ಚಿಮುಕಿಸುವುದು ಸರಿ, ಅದು ದಿನವೂ ಮಾಡುವ ಕೆಲಸವೇ. ಬಣ್ಣ ಏರಿಸುವ ಫಿಲ್ಟರ್ ಕೂಡ ಬೇಡ. ಕಾಯಿಯನ್ನು ಹಣ್ಣಿನಂತೆ ಹಳದಿ ಮಾಡಿ ತೋರಿಸಿದರೆ ಪೆಟ್ಟಿಗೆ ತೆರೆದವರು ಮುಂದಿನ ಬಾರಿ ಫೋನ್ ಎತ್ತುವುದಿಲ್ಲ.

ಕೋಲಾರದ ಎಪಿಎಂಸಿಗೆ ಬರುವ ಟೊಮೆಟೊ ಬಾಕ್ಸ್‌ನಂತೆ ತುಂಬಿದ ಕ್ರೇಟಿನ ಚಿತ್ರ ಕಳುಹಿಸುವವರು ಮೇಲಿನ ಸಾಲನ್ನಷ್ಟೇ ತೋರಿಸಬೇಡಿ. ಅರ್ಧ ಖಾಲಿ ಮಾಡಿ ಒಳಗಿನದನ್ನೂ ತೆಗೆಯಿರಿ. ಗಾತ್ರ ತಿಳಿಯಲು ಒಂದು ಚಿತ್ರದಲ್ಲಿ ಅಂಗೈ ಇರಲಿ. ಒಟ್ಟು ನಾಲ್ಕು ಚಿತ್ರ ಸಾಕು: ರಾಶಿ, ಒಂಟಿ ಹಣ್ಣು, ತೊಟ್ಟು, ಕೊಯ್ದ ಹೋಳು. ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸಿ ಕಳುಹಿಸುವುದರಿಂದ ‘ಡಾಕ್ಯುಮೆಂಟ್’ ಆಗಿ ಕಳುಹಿಸಿ, ಕೆಳಗೆ ತಳಿಯ ಹೆಸರು, ಕೊಯ್ದ ದಿನಾಂಕ ಬರೆಯಿರಿ.