ಎಲೆಕ್ಟ್ರಾನ್ ಡಿಕ್ಕಿಯ ಮೊದಲ ಲೆಕ್ಕ: ನೈಟ್ರೋಜನ್‌ನಿಂದ ಶುರು ಮಾಡಿ

ಕಡಿಮೆ ಶಕ್ತಿಯ ಎಲೆಕ್ಟ್ರಾನ್‌ಗಳೂ ಡಿಎನ್‌ಎ ಎಳೆ ಕಡಿಯಬಲ್ಲವು ಅಂತ 2000ದಲ್ಲಿ ವಿಜ್ಞಾನಿ ಲಿಯೋನ್ ಸಾಂಶ್ ಅವರ ತಂಡ ತೋರಿಸಿತು. ಅದನ್ನು ಓದಿ, ಅಣುವಿಗೆ ಎಲೆಕ್ಟ್ರಾನ್ ಡಿಕ್ಕಿ ಹೊಡೆಯುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಬಂದವರಿಗೆ ಮೊದಲ ದಿನವೇ ದೊಡ್ಡ ಅಣು ಬೇಕು. ನಾನು ಮಾತ್ರ ನೈಟ್ರೋಜನ್ ಕೊಡುತ್ತೇನೆ. 2.3 ಇವಿ (ಎಲೆಕ್ಟ್ರಾನ್‌ವೋಲ್ಟ್, ಶಕ್ತಿಯ ಅಳತೆ) ಹತ್ತಿರ ಅದಕ್ಕೊಂದು ರೆಸೊನೆನ್ಸ್ ಇದೆ. ಅಂದರೆ ಆ ಶಕ್ತಿಯ ಎಲೆಕ್ಟ್ರಾನ್ ಅಣುವಿನಲ್ಲಿ ಕ್ಷಣಕಾಲ ಸಿಕ್ಕಿಬೀಳುತ್ತದೆ. ಪ್ರಯೋಗದ ಉತ್ತರ ಗೊತ್ತಿರುವುದರಿಂದ ನಿಮ್ಮ ತಪ್ಪು ಅಡಗಿ ಕೂರುವುದಿಲ್ಲ.

ಆರ್-ಮ್ಯಾಟ್ರಿಕ್ಸ್ ವಿಧಾನ ಹಿಡಿಯಿರಿ: ಅಣುವಿನ ಸುತ್ತ ಒಂದು ಗೋಳ ಎಳೆದು, ಒಳಗಿನದನ್ನೂ ಹೊರಗಿನದನ್ನೂ ಬೇರೆ ಬೇರೆ ಲೆಕ್ಕ ಹಾಕಿ ಅಂಚಿನಲ್ಲಿ ಜೋಡಿಸುವುದು. ಬಂಧದ ಉದ್ದ 1.098 ಆಂಗ್‌ಸ್ಟ್ರಾಮ್, ಗೋಳದ ತ್ರಿಜ್ಯ 10 ಬೋರ್ (ಸುಮಾರು 5.3 ಆಂಗ್‌ಸ್ಟ್ರಾಮ್). ಅಣುವಿನ ಆರ್ಬಿಟಲ್‌ಗಳು (ಎಲೆಕ್ಟ್ರಾನ್‌ಗಳು ಹರಡಿರುವ ರೀತಿ ಹೇಳುವ ಫಲನಗಳು) ಗೋಳದ ಅಂಚಿನಲ್ಲಿ ಸೊನ್ನೆಗೆ ಬಂದಿವೆಯೇ ನೋಡಿ. ಬಂದಿಲ್ಲದಿದ್ದರೆ ಮುಂದಿನದೆಲ್ಲ ಸುಮ್ನೆ ಶ್ರಮ. ಡಿ2ಎಚ್ ಸಿಮೆಟ್ರಿಯಲ್ಲಿ (ಅಣುವಿನ ಆಕಾರದ ಸಮರೂಪತೆಯ ಒಂದು ಬಗೆ) ಈ ರೆಸೊನೆನ್ಸ್ ಬಿ2ಜಿ, ಬಿ3ಜಿ ಎಂಬ ಎರಡು ವರ್ಗಗಳಲ್ಲೂ ಬರುತ್ತದೆ. ಎರಡೂ ಒಂದೇ ಉತ್ತರ ಕೊಡಲೇಬೇಕು.

ಮೊದಲು ಸ್ಟ್ಯಾಟಿಕ್ ಎಕ್ಸ್‌ಚೇಂಜ್ ಓಡಿಸಿ, ಅಂದರೆ ಅಣುವಿನ ಎಲೆಕ್ಟ್ರಾನ್ ಮೋಡ ಬದಲಾಗದಂತೆ ಇಟ್ಟ ಲೆಕ್ಕ. ರೆಸೊನೆನ್ಸಿನ ಶಿಖರ 4 ಇವಿ ಹತ್ತಿರ ಬರುತ್ತದೆ. ಗಾಬರಿ ಬೇಡ. ಬಂದ ಎಲೆಕ್ಟ್ರಾನ್ ಅಣುವಿನ ಎಲೆಕ್ಟ್ರಾನ್ ಮೋಡವನ್ನು ಸ್ವಲ್ಪ ಎಳೆಯುತ್ತದೆ ಅಲ್ವಾ, ಅದಕ್ಕೆ ಇಲ್ಲಿ ಜಾಗವೇ ಇಲ್ಲ. ಆಮೇಲೆ ಆ ಎಳೆತವನ್ನು, ಅಂದರೆ ಪೋಲರೈಸೇಶನ್ ಅನ್ನು, ಸೇರಿಸಿ. ಖಾಲಿ ಆರ್ಬಿಟಲ್‌ಗಳು ಹೆಚ್ಚಿದಂತೆ ಶಿಖರ ಕೆಳಗಿಳಿಯುತ್ತದೆ.

ಇಲ್ಲೇ ಜಾಸ್ತಿ ಜನ ಜಾರುತ್ತಾರೆ. 2.3 ಕಂಡ ಕೂಡಲೇ ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇನ್ನಷ್ಟು ಆರ್ಬಿಟಲ್ ಸೇರಿಸಿದರೆ ಅದು ಇನ್ನೂ ಇಳಿಯಬಹುದು. ಒಂಟಿ ಅಣುವಿಗಿಂತ ಎಲೆಕ್ಟ್ರಾನ್ ಸೇರಿದ ಅಣುವನ್ನು ನೀವು ಚೆನ್ನಾಗಿ ವಿವರಿಸುತ್ತಿದ್ದೀರಿ, ತಕ್ಕಡಿ ಒಂದು ಕಡೆ ವಾಲಿದೆ. ಎರಡನ್ನೂ ಸರಿಸಮ ನೋಡುವ ಕ್ಲೋಸ್ ಕಪ್ಲಿಂಗ್ (ಅಣುವಿನ ಹಲವು ಸ್ಥಿತಿಗಳನ್ನು ಒಟ್ಟಿಗೆ ಸೇರಿಸುವ) ಲೆಕ್ಕ ಮಾಡಿ, ಹೋಲಿಸಿ. ಹೊಸ ಅಣುವಿಗೆ ಹೋದಾಗ ಕಣ್ಣಿಡಲು 2.3 ಇರುವುದಿಲ್ಲ. ಈ ಹೋಲಿಕೆಯೇ ಆಗ ನಿಮ್ಮ ಆಧಾರ.

ಕ್ರಾಸ್ ಸೆಕ್ಷನ್‌ಗಿಂತ (ಡಿಕ್ಕಿಯ ಸಂಭವದ ಅಳತೆ) ಮೊದಲು ಐಗನ್‌ಫೇಸ್ ಸಮ್ (ಡಿಕ್ಕಿಯಲ್ಲಿ ಎಲೆಕ್ಟ್ರಾನ್ ಅಲೆ ಎಷ್ಟು ಸರಿಯಿತು ಎಂಬುದರ ಒಟ್ಟು ಲೆಕ್ಕ) ನೋಡಿ. ರೆಸೊನೆನ್ಸ್ ಬಳಿ ಅದು ಸುಮಾರು ಪೈನಷ್ಟು ಏರುತ್ತದೆ. ಅಲ್ಲಿ ಶಕ್ತಿಯನ್ನು 0.02 ಇವಿ ಹೆಜ್ಜೆಯಲ್ಲಿ ಏರಿಸಿದರೆ ಸಾಕು. ಈ ಏರಿಕೆಗೆ ಬ್ರೀಟ್-ವಿಗ್ನರ್ ಸೂತ್ರ (ರೆಸೊನೆನ್ಸಿನ ಜಾಗ, ಅಗಲ ತಿಳಿಸುವುದು) ಹೊಂದಿಸಿದರೆ ಅಗಲ ಸುಮಾರು 0.4 ಇವಿ ಬರುತ್ತದೆ. ಅಂದರೆ ಎಲೆಕ್ಟ್ರಾನ್ ಅಲ್ಲಿರುವುದು 1.6 ಫೆಮ್ಟೊಸೆಕೆಂಡ್ ಆಸುಪಾಸು.

ಪ್ರಯೋಗದಲ್ಲಿ ಸಾಲು ಸಾಲು ಶಿಖರಗಳಿವೆ, ನಿಮ್ಮದರಲ್ಲಿ ಒಂದೇ. ಹೆಜ್ಜೆ ಕಿರಿದು ಮಾಡಿದರೂ ಅವು ಬರುವುದಿಲ್ಲ, ಏಕೆಂದರೆ ನೀವು ನ್ಯೂಕ್ಲಿಯಸ್‌ಗಳನ್ನು ಕಟ್ಟಿಹಾಕಿದ್ದೀರಿ. ನ್ಯೂಕ್ಲಿಯಸ್‌ಗಳ ಕಂಪನವನ್ನು ಲೆಕ್ಕಕ್ಕೆ ತರುವ, ಹೆರ್ಜೆನ್‌ಬರ್ಗ್ ಎಂಬ ವಿಜ್ಞಾನಿಯ ಬೂಮರಾಂಗ್ ಮಾದರಿ ವಿವರಿಸುವುದು ಈ ಸಾಲನ್ನೇ. ಅದಕ್ಕೆ ಬಂಧದ ಬೇರೆ ಬೇರೆ ಉದ್ದಗಳಲ್ಲಿ ರೆಸೊನೆನ್ಸಿನ ಜಾಗ, ಅಗಲ ಎರಡೂ ಬೇಕು. 1.098ರಿಂದ ಎರಡೂ ಕಡೆ 0.05 ಆಂಗ್‌ಸ್ಟ್ರಾಮ್‌ನಂತೆ ಸರಿಯಿರಿ. ಬಂಧ ಹಿಗ್ಗಿದಂತೆ ಶಿಖರ ಇಳಿದು ಕಿರಿದಾಗುತ್ತದೆ. ಶಕ್ತಿಯ ಹೆಜ್ಜೆಯನ್ನು ಕಿರಿದು ಮಾಡಬೇಕಾದ್ದು ಅಲ್ಲಿ.